ಗೋಡೆಯಾಚೆಯ ಬಿಸ್ಕತ್ತು ಡಬ್ಬಿ

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಬಿಸ್ಕತ್ತು ಡಬ್ಬಿ ಇದೆ. ತಗಡಿನದು, ದುಂಡನೆಯದು. ಮುಚ್ಚಳದ ಮೇಲೆ ಒಂದು ಕಾಲಕ್ಕೆ ಯಾವಳೋ ರಾಣಿಯ ಚಿತ್ರವಿತ್ತಂತೆ. ಈಗ ಕಿರೀಟ ಮಾತ್ರ ಉಳಿದಿದೆ; ಮುಖವಿದ್ದ ಕಡೆ ಚಮಚದ ಏಟು ಬಿದ್ದೂ ಬಿದ್ದೂ ಬಣ್ಣ ಹೋಗಿ ಗುಳಿಯಾಗಿದೆ. ಅದರಲ್ಲಿ ಸಕ್ಕರೆ ತುಂಬಿಟ್ಟಿದ್ದೇನೆ. ನನಗಲ್ಲ, ನನಗೆ ಡಯಾಬಿಟೀಸು. ಹಿತ್ತಲಲ್ಲಿ ತೂಗುಬಿಟ್ಟಿರುವ ಕೆಂಪು ಬಾಟಲಿಗೆ ನಾಲ್ಕು ದಿನಕ್ಕೊಮ್ಮೆ ಸಕ್ಕರೆ ನೀರು ಕಾಸಿ, ಆರಿಸಿ ತುಂಬಬೇಕು. ಹೆಬ್ಬೆರಳಿನಷ್ಟು ಗಾತ್ರದ ಹಮ್ಮಿಂಗ್‌ಬರ್ಡುಗಳು ಬಂದು ಗಾಳಿಯಲ್ಲಿ ನಿಂತೇ ಕುಡಿದು ಹೋಗುತ್ತವೆ. ಒಂದು ದಿನ ತಡವಾದರೆ ಕಿಟಕಿಯ ಗಾಜಿನ ಮುಂದೆ ಬಂದು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತವೆ. ಹೆದರಿಕೆಯಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಮೊಮ್ಮಗಳು ಅನಿಕಾ ಕೂಡ ನಗುತ್ತಾಳೆ.

ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನ ಈ ಗುಡ್ಡದ ಮನೆಯಲ್ಲಿ ನಾನೀಗ ಒಬ್ಬಳೇ. ನಿವೃತ್ತ ಪೆಥಾಲಜಿಸ್ಟು. ಮೂವತ್ತು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತು, ಇಂಥವರಿಗೆ ಇಂಥದಾಗಿದೆ ಎಂದು ಬರೆದುಕೊಟ್ಟವಳು. ಅಂಥವಳ ಮನೆಯ ಮುಂಬಾಗಿಲಿನ ಮೇಲೆ ಮೊನ್ನೆ ಮೊನ್ನೆಯವರೆಗೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ಕನ್ನಡ ಸಂಘದ ಗೆಳತಿಯರು ಬಂದಾಗ, ಮೊಮ್ಮಗಳಿಗೆ ಕನ್ನಡ ಕಲಿಸಲು ಬರೆದದ್ದು ಎಂದು ಸುಳ್ಳು ಹೇಳುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದ ಒಂದು ವಠಾರದಲ್ಲಿ. ಅಲ್ಲಿ ಎಂಟು ಮನೆಗೆ ಎಂಟು ಬಾಗಿಲು, ಎಂಟರ ಮೇಲೂ ‘ನಾಳೆ ಬಾ’. ಮುಸ್ಸಂಜೆಯಲ್ಲಿ ಅದು ಬರುತ್ತದೆ, ನಿಮ್ಮವರ ದನಿಯಲ್ಲೇ ನಿಮ್ಮ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟರೆ ಮುಗಿಯಿತು. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಬಲ್ಲ, ಆದರೆ ಬುದ್ಧಿ ಸ್ವಲ್ಪ ಕಡಿಮೆ ಇರುವ ದೆವ್ವ. ಇನ್ನೊಂದು ಗುರುತೂ ಇತ್ತು: ಅದು ಎರಡು ಸಲ ಮಾತ್ರ ಕೂಗುತ್ತದೆ. ಮೂರನೆಯ ಸಲ ಕೂಗಿದರೆ ಮನುಷ್ಯರೇ. ನಮ್ಮ ಸೋದರಮಾವ ಒಂದು ಸಂಜೆ ತುಮಕೂರಿನಿಂದ ಬಸ್ಸಿನಲ್ಲಿ ಬಂದವನು ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದ. ಒಳಗೆ ಅಜ್ಜಿ ನಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಮೂರನೆಯದಕ್ಕೆ ಕಾಯುತ್ತಿದ್ದಳು. ಮಾವನದು ಮೂಗಿನ ತುದಿಯ ಕೋಪ. ಮೂರನೆಯ ಸಲ ಕೂಗದೆ ಮೆಜೆಸ್ಟಿಕ್ಕಿನ ಲಾಡ್ಜಿಗೆ ಹೋಗಿ ಮಲಗಿ, ಬೆಳಗ್ಗೆ ಬಂದು, “ನಾಳೆ ಬಾ ಅಂದಿದ್ರಲ್ಲ, ಬಂದೆ” ಎಂದ. ಆ ಮಾತಿಗೆ ವಠಾರ ಒಂದು ವರ್ಷ ನಕ್ಕಿತು.

ಇದೆಲ್ಲ ನೆನಪಾಗಿದ್ದು ಪಕ್ಕದ ಮನೆಯ ದುಲಾರಿಯಿಂದ. ಡಬ್ಬಿಯೂ ಅವಳದೇ.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ ನಮ್ಮಿಬ್ಬರ ಮಧ್ಯೆ ಎದೆಮಟ್ಟದ ಸಿಮೆಂಟು ಗೋಡೆಯೊಂದೇ ಇತ್ತು. ನನಗಿಂತ ಹತ್ತು ವರ್ಷ ದೊಡ್ಡವಳು, ಒಂಟಿ, ನೋಡಲು ನಮ್ಮ ಉತ್ತರ ಭಾರತದ ಹೆಂಗಸಿನ ಹಾಗೆ. ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಅವಳು ಕೈ ಅಡ್ಡ ಆಡಿಸಿ, ಹಾಡಿನ ಹಾಗೆ ಏರಿಳಿಯುವ ಇಂಗ್ಲಿಷಿನಲ್ಲಿ, “ನನಗೆ ಹಿಂದಿ ಬರಲ್ಲ ಡಾರ್ಲಿಂಗ್. ಇಪ್ಪತ್ತು ಮಾತು ಗೊತ್ತು. ಹತ್ತು ತಿನ್ನೋಕೆ, ಹತ್ತು ಬೈಯೋಕೆ” ಎಂದಳು. ಅವಳು ಟ್ರಿನಿಡಾಡಿನವಳು.

ಟ್ರಿನಿಡಾಡ್ ಎಂದರೆ ನನಗೆ ಕ್ರಿಕೆಟ್ಟು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಮ್ಯಾಪಿನಲ್ಲಿ ನೋಡಿದರೆ ದಕ್ಷಿಣ ಅಮೆರಿಕದ ಅಂಚಿನಿಂದ ಕಿತ್ತುಬಿದ್ದ ಒಂದು ಚೂರು. ನಿಜಕ್ಕೂ ಹಿಂದೆ ಅಂಟಿಕೊಂಡೇ ಇತ್ತಂತೆ, ಕಾಡೂ ಹಾವೂ ಎಲ್ಲ ಆ ಕಡೆಯವೇ. ಟೊಬೇಗೊ ಎಂಬ ಇನ್ನೊಂದು ದ್ವೀಪ ಸೇರಿ ಒಂದು ದೇಶ. ಮೊದಲು ಸ್ಪೇನಿನವರು, ಆಮೇಲೆ ಇಂಗ್ಲಿಷರು. ಆಫ್ರಿಕದಿಂದ ತಂದ ಗುಲಾಮರಿಗೆ ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಜನ ಬೇಕಾಯಿತು. ಆಗ ಕಲ್ಕತ್ತೆಯಿಂದ, ಸ್ವಲ್ಪ ಜನ ಮದರಾಸಿನಿಂದ, ಐದು ವರ್ಷದ ಕರಾರಿನ ಮೇಲೆ ಹಡಗು ಹತ್ತಿದವರಲ್ಲಿ ದುಲಾರಿಯ ಮುತ್ತಜ್ಜಿಯೂ ಒಬ್ಬಳು. ಒಂದೇ ಹಡಗಿನಲ್ಲಿ ಬಂದವರು ಜಾತಿ ಮರೆತು ಅಣ್ಣತಮ್ಮ ಅಕ್ಕತಂಗಿಯರಾದರಂತೆ, ಅವರ ಮಕ್ಕಳ ಮಧ್ಯೆ ಮದುವೆ ಕೂಡ ಮಾಡುತ್ತಿರಲಿಲ್ಲವಂತೆ. ಮುತ್ತಜ್ಜಿಯ ಊರಿನ ಹೆಸರು ಯಾರಿಗೂ ನೆನಪಿಲ್ಲ. ಕಡಲೆಕಾಳಿನ ಪಲ್ಯ, ಹೋಳಿಹಬ್ಬ, ಒಂದಿಷ್ಟು ಬೈಗುಳ ಇಷ್ಟು ಮಾತ್ರ ನೆನಪಿನಲ್ಲಿ ಉಳಿದದ್ದು.

ಒಂದು ಸಂಜೆ ಚಕ್ಕುಲಿ ಕೊಡೋಣ ಎಂದು ಗೋಡೆಯ ಹತ್ತಿರ ಹೋಗಿ, “ದುಲಾರಿ” ಎಂದು ಗಟ್ಟಿಯಾಗಿ ಕೂಗಿದೆ. ಅವಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದಳು. ಮುಖ ಬಿಳಿಚಿತ್ತು.

“ಈ ಹೊತ್ತಲ್ಲಿ ಹೊರಗೆ ನಿಂತು ಹೆಸರು ಕೂಗ್ತಾರಾ? ಅವು ಕಲಿತುಕೊಂಡ್ರೆ?”

“ಯಾವು?”

“ಡುವೆನ್.”

ಡುವೆನ್ ಎಂದರೆ ಹೆಸರಿಡುವ ಮೊದಲೇ ಸತ್ತುಹೋದ ಮಕ್ಕಳು. ಟ್ರಿನಿಡಾಡಿನ ಕಾಡಂಚಿನಲ್ಲಿ ಮುಸ್ಸಂಜೆಗೆ ಓಡಾಡುತ್ತವಂತೆ. ತಲೆಯ ಮೇಲೆ ದೊಡ್ಡ ಹುಲ್ಲಿನ ಟೋಪಿ, ಟೋಪಿಯ ಕೆಳಗೆ ಮುಖವಿಲ್ಲ. ಪಾದ ಹಿಂದುಮುಂದು. ತಮಗೆ ಹೆಸರಿಲ್ಲವಲ್ಲ, ಅದಕ್ಕೇ ಬೇರೆಯವರ ಹೆಸರು ಕೇಳಿಸಿಕೊಂಡು ಕಲಿತು, ಮನೆಯವರ ದನಿಯಲ್ಲೇ ಕರೆದು, ಆಟಕ್ಕೆ ಕರೆದುಕೊಂಡು ಹೋಗುತ್ತವೆ. ಹೋದವರು ತಿರುಗಿ ಬರುವುದಿಲ್ಲ. ಅದಕ್ಕೇ ಅಲ್ಲಿ ಹೊತ್ತು ಮುಳುಗುವಾಗ ಮಕ್ಕಳ ಹೆಸರನ್ನು ಬಯಲಲ್ಲಿ ಕೂಗುವುದಿಲ್ಲ.

ನಮ್ಮ ವಠಾರದ ದೆವ್ವಕ್ಕೂ ಪಾದ ಹಿಂದುಮುಂದೇ. ಏಳು ಕಡಲಿನ ಆಚೆಯೂ ಅದೇ ಪಾದ, ಅದೇ ದನಿ. ನಾನು ಅವಳಿಗೆ ‘ನಾಳೆ ಬಾ’ ಕಥೆ ಹೇಳಿದೆ. ಎರಡು ಸಲದ ಲೆಕ್ಕ, ಮಾವನ ಲಾಡ್ಜು, ಎಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಆ ಎರಡು ಮಾತನ್ನು ನನ್ನಿಂದ ನಾಲ್ಕು ಸಲ ಹೇಳಿಸಿ ಕಲಿತುಕೊಂಡಳು. ಆಮೇಲೆ ಚಕ್ಕುಲಿ ಮುರಿಯುತ್ತ, “ನನ್ನ ಮೊದಲನೇದು ಹೆಸರಿಡೋಕೆ ಮುಂಚೆ ಹೋಯ್ತು. ಒಂಬತ್ತು ದಿನದ್ದು” ಎಂದಳು. ಇನ್ನೊಂದು ಚಕ್ಕುಲಿ ಕೊಟ್ಟೆ.

ಅವತ್ತೇ ನಮ್ಮ ಒಪ್ಪಂದವಾಯಿತು. ಸಂಜೆ ಹೆಸರು ಕೂಗುವ ಹಾಗಿಲ್ಲ. ಅವಳು ದೀಪ ಹಚ್ಚಿದ ಮೇಲೆ ಬಿಸ್ಕತ್ತು ಡಬ್ಬಿಯ ಮೇಲೆ ಚಮಚದಿಂದ ಮೂರು ಏಟು ಹಾಕಬೇಕು, ನಾನು ಸ್ಟೀಲು ಲೋಟದಿಂದ ಗೋಡೆಗೆ ಮೂರು ಏಟು. ಇಬ್ಬರೂ ಇದ್ದೇವೆ ಎಂದರ್ಥ. ಯಾರಾದರೂ ಹೆಸರು ಹಿಡಿದು ಕೂಗಿದರೆ ಓಗೊಡಬಾರದು. ಡಬ್ಬಿ ಯಾಕೆ ಎಂದು ಕೇಳಿದೆ. ಹಿಂದೆ ಅವಳ ದೇಶದಲ್ಲಿ ಸರ್ಕಾರದವರು ಚರ್ಮದ ಡೋಲು ಬಾರಿಸಬಾರದು ಎಂದು ಕಾನೂನು ಮಾಡಿದ್ದರಂತೆ. ಜನ ಬಿದಿರಿನ ಬೊಂಬು ನೆಲಕ್ಕೆ ಕುಟ್ಟಿದರು. ಆಮೇಲೆ ಬಿಸ್ಕತ್ತು ಡಬ್ಬಿ ಬಡಿದರು. ಕೊನೆಗೆ ಎಣ್ಣೆಯ ಪೀಪಾಯಿಯ ತಳವನ್ನೇ ತಟ್ಟಿ ತಟ್ಟಿ ಅದರಲ್ಲಿ ಸ್ವರ ಹುಟ್ಟಿಸಿದರು. ಅದೇ ಈಗ ಅವರ ರಾಷ್ಟ್ರವಾದ್ಯ. “ನಮ್ಮೋರು ಯಾವುದನ್ನ ಕೊಟ್ಟರೂ ಬಡೀತಾರೆ” ಎಂದಳು ಹೆಮ್ಮೆಯಿಂದ.

ಮಾರನೆಯ ಬೇಸಿಗೆಯಲ್ಲಿ, ಲಸಿಕೆ ಎಲ್ಲ ಆದ ಮೇಲೆ, ಅನಿಕಾ ನಮ್ಮಿಬ್ಬರನ್ನೂ ಲಾಸ್ ಏಂಜಲಿಸ್ಸಿನ ಲಾ ಬ್ರೆಯಾ ಟಾರು ಹೊಂಡಗಳಿಗೆ ಕರೆದುಕೊಂಡು ಹೋದಳು. ಊರಿನ ನಟ್ಟನಡುವೆ, ಎರಡೂ ಕಡೆ ಬಸ್ಸು ಕಾರು ಓಡುವಲ್ಲಿ, ಬೇಲಿಯೊಳಗೆ ಕಪ್ಪು ನೀರಿನ ಕೊಳ. ಒಳಗಿನಿಂದ ಗುಳ್ಳೆ ಎದ್ದು, ಊದಿ, ತಡೆದು, ಒಡೆಯುತ್ತದೆ. ಹುಲ್ಲುಹಾಸಿನಲ್ಲೂ ಅಲ್ಲಲ್ಲಿ ಟಾರು ಜಿನುಗಿ, ಕಾಲಿಡದಿರಲಿ ಎಂದು ಕಿತ್ತಳೆ ಬಣ್ಣದ ಕೋನು ಇಟ್ಟಿದ್ದರು. ದುಲಾರಿ ಬೇಲಿ ಹಿಡಿದು ಕಣ್ಣು ಮುಚ್ಚಿ ಮೂಸಿದಳು.

“ನಮ್ಮಮ್ಮನ ಮನೆ ವಾಸನೆ. ನಮ್ಮೂರ ಹೆಸರೂ ಲಾ ಬ್ರೆಯಾನೇ.”

ನಾನು ನಂಬಲಿಲ್ಲ. ಅನಿಕಾ ಫೋನಿನಲ್ಲಿ ನೋಡಿ, “ಅಜ್ಜೀ, ಶೀ ಈಸ್ ರೈಟ್” ಎಂದಳು. ಸ್ಪೇನಿನವರು ಎರಡು ಕಡೆಯೂ ಟಾರನ್ನು ಕಂಡು ಒಂದೇ ಹೆಸರಿಟ್ಟಿದ್ದರು. ಆದರೆ ದುಲಾರಿಯ ಊರಿನದು ಹೊಂಡವಲ್ಲ, ಕೆರೆ. ಜಗತ್ತಿನಲ್ಲೇ ದೊಡ್ಡ ಟಾರಿನ ಕೆರೆ. ಎಷ್ಟೋ ದೇಶಗಳ ರಸ್ತೆಗೆ ಅಲ್ಲಿಂದಲೇ ಟಾರು ಹೋಗಿದೆ. ಅಗೆದ ಹಳ್ಳ ತಾನಾಗಿ ತುಂಬಿಕೊಳ್ಳುತ್ತದೆ. ಅದರ ಮೇಲೆ ನಡೆದಾಡಬಹುದು, ಆದರೆ ನಿಂತಲ್ಲೇ ನಿಂತರೆ ಚಪ್ಪಲಿ ಇಳಿಯತೊಡಗುತ್ತದೆ. ಯಾವ ಕಾಲದಲ್ಲೋ ನುಂಗಿದ ಮರದ ಕಾಂಡವನ್ನು ಒಂದು ದಿನ ನೆಟ್ಟಗೆ ಮೇಲೆತ್ತಿ ತೋರಿಸಿ, ಮತ್ತೆ ನುಂಗುತ್ತದೆ. ಊರಿನ ಮನೆಗಳ ಅಡಿಯಲ್ಲೂ ಅದು ಹರಿಯುವುದರಿಂದ ರಸ್ತೆ ಉಬ್ಬುತ್ತದೆ, ಗೋಡೆ ವಾಲುತ್ತದೆ. “ನಮ್ಮನೇಲಿ ಒಂದು ಬಾಗಿಲೂ ಸರಿಯಾಗಿ ಮುಚ್ತಾ ಇರ್ಲಿಲ್ಲ. ನಿಮ್ಮ ಥರ ಬಾಗಿಲ ಮೇಲೆ ಬರೆದು ಏನು ಸುಖ?” ಎಂದಳು ದುಲಾರಿ.

ಆ ಕೆರೆ ಹುಟ್ಟಿದ ಕಥೆಯನ್ನೂ ಅಲ್ಲೇ ಬೇಲಿ ಹಿಡಿದು ಹೇಳಿದಳು. ಅಲ್ಲಿ ಮೊದಲಿದ್ದ ಮೂಲನಿವಾಸಿಗಳು ಯಾವುದೋ ಯುದ್ಧ ಗೆದ್ದ ಖುಷಿಗೆ ಹಮ್ಮಿಂಗ್‌ಬರ್ಡುಗಳನ್ನು ಹಿಡಿದು ಹುರಿದು ತಿಂದರು. ಆ ಹಕ್ಕಿಗಳು ತಮ್ಮ ಸತ್ತ ಹಿರಿಯರೇ ಎಂಬುದನ್ನು ಮರೆತಿದ್ದರು. ದೇವರಿಗೆ ಸಿಟ್ಟು ಬಂದು ನೆಲ ಬಾಯಿಬಿಟ್ಟಿತು; ಊರಿಗೆ ಊರೇ ಕಪ್ಪು ಕೆರೆಯಲ್ಲಿ ಮುಳುಗಿತು. ಹಿರಿಯರ ತಿಥಿಯ ದಿನ ಕಾಗೆಗೆ ಅನ್ನ ಇಟ್ಟು ಕಾಯುವ ನನಗೆ ಇದೇನೂ ದೂರದ ಕಥೆ ಅನ್ನಿಸಲಿಲ್ಲ. ಮನೆಗೆ ಬಂದವಳೇ ಕೆಂಪು ಬಾಟಲಿ ತರಿಸಿದೆ.

ಆ ಹೊಂಡಗಳ ಪಕ್ಕದ ಮ್ಯೂಸಿಯಮ್ಮಿನಲ್ಲಿ ಟಾರಿನಿಂದ ತೆಗೆದ ಆನೆ, ತೋಳ, ಕೋರೆಹಲ್ಲಿನ ಬೆಕ್ಕುಗಳ ಮೂಳೆ ರಾಶಿ ರಾಶಿ ಇದೆ. ಮನುಷ್ಯರದು ಮಾತ್ರ ಒಂದೇ ಒಂದು ಸಿಕ್ಕಿದ್ದಂತೆ, ಸಾವಿರಾರು ವರ್ಷ ಹಿಂದಿನ ಒಬ್ಬ ಹೆಂಗಸು. ಅವಳು ಅದರೊಳಗೆ ಹೇಗೆ ಹೋದಳು ಎಂದು ಅನಿಕಾ ಕೇಳಿದಳು. ನಾನು ಪೆಥಾಲಜಿಸ್ಟಿನ ಗತ್ತಿನಲ್ಲಿ ತಲೆಬುರುಡೆ, ಪೆಟ್ಟು ಎಂದೇನೋ ಶುರುಮಾಡಿದೆ. ದುಲಾರಿ ತಡೆದು, ಮೆಲ್ಲಗೆ ಹೇಳಿದಳು:

“ಯಾರೋ ಕರೆದಿರಬೇಕು.”

“ದಟ್ಸ್ ಸೋ ಕ್ರೀಪಿ, ಆಂಟಿ” ಎಂದಳು ಅನಿಕಾ.

ಇನ್ನು ಮುಂದಿನದನ್ನು ಹೇಳಲು ನನಗೆ ನಾಚಿಕೆ. ಆದರೆ ಅದನ್ನು ಹೇಳದೆ ಡಬ್ಬಿಯ ಕಥೆ ಹೇಳಿದರೆ ಮೋಸವಾಗುತ್ತದೆ.

ಅದಾದ ಮಾರನೆಯ ವರ್ಷದ ನವೆಂಬರು. ಐದಕ್ಕೇ ಕತ್ತಲು ಮುಸುಕುವ ದಿನಗಳು. ಕಿಟಕಿಯ ಪಕ್ಕ ಕಾಫಿ ಹಿಡಿದು ಕೂತಿದ್ದೆ. ಗೋಡೆಯಾಚೆಯಿಂದ ದುಲಾರಿಯ ದನಿ ಕೇಳಿಸಿತು: “ವಿಶಾ.” ನನ್ನ ಹೆಸರು ವಿಶಾಲಾಕ್ಷಿ, ಅವಳಿಗೆ ಅಷ್ಟುದ್ದ ಬಾರದೆ ಮೊಟಕು ಮಾಡಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, ಸಣ್ಣಗೆ: “ವಿಶಾ.” ಸಂಜೆ ಹೆಸರು ಕೂಗಬಾರದೆಂದು ನಿಯಮ ಮಾಡಿದವಳೇ ಅವಳು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಕಿಟಕಿ ತೆರೆದು, ನಗುತ್ತ, ದೊಡ್ಡ ದನಿಯಲ್ಲಿ “ನಾಳೆ ಬಾ” ಎಂದೆ. ಎಂದು, ಕಿಟಕಿ ಹಾಕಿ, ಕಾಫಿ ಪೂರ್ತಿ ಕುಡಿದೆ. ಮೂರನೆಯ ಸಲ ಕೂಗು ಬರಲಿಲ್ಲ.

ಐದೂವರೆಯಾಯಿತು, ಡಬ್ಬಿ ಬಡಿಯಲಿಲ್ಲ. ಆರಾಯಿತು. ಸುತ್ತಿ ಹೋಗಿ ಅವಳ ಪಕ್ಕದ ಗೇಟು ತಳ್ಳಿದೆ. ನಿಂಬೆಗಿಡದ ಬುಡದಲ್ಲಿ ಬಿದ್ದಿದ್ದಳು. ಎಡಪಾದ ಪೂರಾ ಹೊರಕ್ಕೆ ತಿರುಗಿತ್ತು. ಸೊಂಟದ ಸಂದಿನಲ್ಲಿ ಮೂಳೆ ಮುರಿದರೆ ಪಾದ ಹಾಗೇ ತಿರುಗುತ್ತದೆ, ವಿದ್ಯಾರ್ಥಿಯಾಗಿದ್ದಾಗ ಉರುಹೊಡೆದದ್ದು. ಆದರೂ ಮಬ್ಬುಗತ್ತಲಲ್ಲಿ ಆ ಪಾದ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳ ಹತ್ತಿರ ಹೋಗುವ ಬದಲು ಹಿಂದೆ ಸರಿದೆ, ಇದನ್ನೂ ಹೇಳಿಬಿಡಬೇಕು.

ಅವಳಿಗೆ ಎಚ್ಚರವಿತ್ತು. ಆಂಬುಲೆನ್ಸಿಗೆ ಫೋನು ಮಾಡಿ ಕೈ ಹಿಡಿದುಕೊಂಡೆ. ಮಂಜಿನಂತೆ ತಣ್ಣಗಿತ್ತು. ಅವಳು ಕೇಳಿದ ಒಂದೇ ಪ್ರಶ್ನೆ:

“ನೀನ್ಯಾಕೆ ನನ್ನನ್ನ ಕರೆದೆ?”

ನಾನು ಕರೆದಿರಲಿಲ್ಲ.

ಆಪರೇಷನ್ ಆದ ಮೇಲೆ ಅವಳ ಮಗಳು ಅವಳನ್ನು ಸ್ಯಾನ್ ಡಿಯೇಗೊಗೆ ಕರೆದುಕೊಂಡು ಹೋದಳು. ಮಗಳಿಗೆ ಆ ಊರಿನ ಲಾ ಹೋಯಾ ಎಂಬ ಕಡೆ ಕಡಲ ಸಂಶೋಧನೆಯವರಲ್ಲಿ ಕೆಲಸ, ಮನೆಯೂ ಅಲ್ಲೇ ಹತ್ತಿರ. ಒಂದು ತಿಂಗಳು ನಾನು ಹೋಗಲಿಲ್ಲ. ಕಾಲುನೋವು, ಫ್ರೀವೇ ಭಯ ಎಂದು ನೆಪ ಹೇಳಿದೆ. ನಿಜವಾದ ಕಾರಣ, ಒಂದು ಗಂಟೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದವಳಿಗೆ ನಾನು ಕಾಫಿ ಕುಡಿಯುತ್ತಿದ್ದೆ ಎಂದು ಹೇಗೆ ಹೇಳುವುದು? ಕೊನೆಗೆ ಒಂದು ಮಧ್ಯಾಹ್ನ ಡ್ರೈವ್ ಮಾಡಿಕೊಂಡು ಹೋದೆ. ಕಿಟಕಿಯಾಚೆ ಕಡಲು, ಕುರ್ಚಿಯಲ್ಲಿ ಅವಳು, ತೊಡೆಯ ಮೇಲೆ ಅದೇ ಡಬ್ಬಿ. ಹೇಳಿಬಿಟ್ಟೆ. ಹೇಳುತ್ತ ಅತ್ತೆ.

“ಗೊತ್ತು. ಕೇಳಿಸ್ತು” ಎಂದಳು. ಆಮೇಲೆ ಕಡಲನ್ನೇ ನೋಡುತ್ತ ಹೇಳಿದಳು: “ಹಿತ್ತಲಲ್ಲಿ ನೀನು ನನ್ನ ಹೆಸರು ಕೂಗಿದ ಹಾಗಾಯ್ತು. ನಿನ್ನದೇ ದನಿ. ನಿಯಮ ಗೊತ್ತಿದ್ದೂ ಹೋದೆ. ನಿಂಬೆಗಿಡದ ಹತ್ತಿರ ನಿಂತಿತ್ತು. ಇಷ್ಟೆತ್ತರ.” ಕೈಯನ್ನು ಕುರ್ಚಿಯ ತೋಳಿನಷ್ಟು ಎತ್ತರಕ್ಕೆ ಹಿಡಿದು ತೋರಿಸಿದಳು. “ನಾನು ಬಿದ್ದೆ. ಪಕ್ಕದಲ್ಲೇ ಬಂದು ನಿಂತ್ಕೊಂಡ್ತು. ಕಾಯ್ತಾ ಇತ್ತು. ಆಗ ನಾನು ನಿನ್ನನ್ನ ಕರೆದೆ. ನೀನು ಒಳಗಿಂದ ನಾಳೆ ಬಾ ಅಂದೆ. ಕೇಳಿಸ್ಕೊಂಡು, ತಿರುಗಿ ಹೋಯ್ತು. ಇಲ್ಲದಿದ್ರೆ ಅವತ್ತೇ ನಾನು ಜೊತೇಲಿ ಹೋಗ್ತಾ ಇದ್ದೆ, ವಿಶಾ.”

ನೋವಿನಲ್ಲಿ, ಚಳಿಯಲ್ಲಿ ಮಿದುಳು ಏನೇನೋ ತೋರಿಸುತ್ತದೆ ಎಂದು ನನಗೆ ಗೊತ್ತು. ಅವಳ ಮಾತು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೂ ಇರಬಹುದು. ಆದರೆ ಅವಳು ಆಮೇಲೆ ಕೇಳಿದ್ದು ಸಮಾಧಾನದ ಮಾತಾಗಿರಲಿಲ್ಲ. “ಬರೆದದ್ದಾದ್ರೆ ದಿನಾ ಇರುತ್ತೆ. ಬಾಯಲ್ಲಿ ಹೇಳಿದ್ದು ಒಂದೇ ದಿನಕ್ಕೆ. ದಿನಾ ಹೇಳ್ತೀಯಾ?”

ಹೇಳಿದೆ. ಎರಡು ವರ್ಷಕ್ಕೂ ಮಿಕ್ಕಿ, ದಿನಾ ಸಂಜೆ ಐದಕ್ಕೆ ಫೋನು. ಆ ಕಡೆ ಡಬ್ಬಿಗೆ ಮೂರು ಏಟು, ಈ ಕಡೆ ಲೋಟಕ್ಕೆ ಮೂರು ಏಟು, ಆಮೇಲೆ ನನ್ನ “ನಾಳೆ ಬಾ.” ಹತ್ತಿರದ ಊರು ವೆಸ್ಟ್ ಕೊವಿನಾದ ಅಂಗಡಿಯಲ್ಲಿ ತರಕಾರಿ ಆರಿಸುತ್ತ ಕೂಡ ಹೇಳಿದ್ದೇನೆ. ಜನ ತಿರುಗಿ ನೋಡುತ್ತಿದ್ದರು. ಇದು ಹುಚ್ಚು ಎಂದು ನನಗೆ ಅನ್ನಿಸದೆ ಇರಲಿಲ್ಲ, ಆದರೆ ಒಂದು ದಿನವೂ ತಪ್ಪಿಸುವ ಧೈರ್ಯ ಬರಲಿಲ್ಲ. ನನ್ನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೂ ಆಗಲೇ.

ಹೋದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. ಒಂದು ಸಂಜೆ ಡಬ್ಬಿಯ ಏಟು ಕೇಳಿಸಿತು, ಬಹಳ ಮೆಲ್ಲಗೆ. ನಾನು ಲೋಟ ಬಡಿದೆ. ಬಾಯಿ ತೆರೆಯುವಷ್ಟರಲ್ಲಿ ಅವಳು, “ಇವತ್ತು ಹೇಳಬೇಡ” ಎಂದಳು.

“ಯಾಕೆ?”

“ದಿನಾ ಬರುತ್ತೆ. ಬಾಗಿಲ ತನಕ ಬಂದು ನಿನ್ನ ಮಾತು ಕೇಳಿಸ್ಕೊಂಡು ಹೋಗುತ್ತೆ. ಎಷ್ಟು ದಿನ ಅಂತ ಮಗೂನ ವಾಪಸು ಕಳಿಸೋದು, ವಿಶಾ?”

ನನ್ನ ನಾಲಿಗೆಯ ತುದಿಯಲ್ಲಿ ಆ ಎರಡು ಮಾತು ಇತ್ತು. ಹೇಳಲಿಲ್ಲ. ಬೆಳಗ್ಗೆ ಮಗಳು ಫೋನು ಮಾಡಿದಳು. ಕೊನೆಯಲ್ಲಿ ಅಮ್ಮ ಯಾವುದೋ ಹೆಸರಿಟ್ಟು ಯಾರನ್ನೋ ಕರೆದಳು, ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ, ನಿಮಗೆ ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂಬತ್ತು ದಿನದ ಮಗುವಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಡಬ್ಬಿ ನನಗೆ ಬಂತು. ಪಕ್ಕದ ಮನೆ ಖಾಲಿ ಬಿದ್ದಿದೆ, ಮಾರಾಟದ ಬೋರ್ಡು ನೆಟ್ಟಿದ್ದಾರೆ. ಮೂರು ವಾರದ ಹಿಂದೆ ಕಿಟಕಿಯ ಪಕ್ಕ ಕಾಫಿ ಹಿಡಿದು ಕೂತಿದ್ದಾಗ ಗೋಡೆಯಾಚೆಯಿಂದ ಕೇಳಿಸಿತು: “ವಿಶಾ.” ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಮೂರನೆಯದಕ್ಕೆ ನಾನು ಕಾಯಲಿಲ್ಲ. ಲೋಟ ಕೆಳಗಿಟ್ಟು, “ಬಂದೆ” ಎಂದೆ. ನಿಂಬೆಗಿಡದ ತನಕ ಹೋದೆ. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಬರುವಾಗ ನೋಡಿದರೆ ನನ್ನ ಹಿತ್ತಲಿನ ಕೆಂಪು ಬಾಟಲಿ ಒಣಗಿ ಹೋಗಿತ್ತು, ಅದರ ಮುಂದೆ ಒಂದು ಹಮ್ಮಿಂಗ್‌ಬರ್ಡು ಗಾಳಿಯಲ್ಲಿ ನಿಂತಿತ್ತು.

ಅಜ್ಜಿಯ ಲೆಕ್ಕದಲ್ಲಿ ಓಗೊಟ್ಟವರ ಕಥೆ ಅಲ್ಲಿಗೆ ಮುಗಿಯಬೇಕು. ನಾನು ಇನ್ನೂ ಇದ್ದೇನೆ, ಶುಗರೂ ಇದ್ದಷ್ಟೇ ಇದೆ. ಅವತ್ತೇ ಒದ್ದೆ ಬಟ್ಟೆ ತಂದು ಬಾಗಿಲ ಮೇಲಿನ ಅಕ್ಷರ ಒರೆಸಿದೆ. ಇನ್ನು ದುಲಾರಿ ಎರಡನೆಯ ಸಲ ಕೂಗಬೇಕಾಗಿಲ್ಲ.